ಒಂದೇ ಫೋನಿನ ಅರವತ್ತೆರಡು ಮಂದಿ

ನಾಗರತ್ನಾಗೆ ಆಗಲೇ ದಣಿವಾಗಿತ್ತು; ಗಡಿಯಾರ ನೋಡಿದರೆ ಇನ್ನೂ ಹನ್ನೊಂದು. ಐದಕ್ಕೆ ಎದ್ದು ರೊಟ್ಟಿ ಬಡಿದು, ಎಂಟರಿಂದ ಹತ್ತರವರೆಗೆ ಇಪ್ಪತ್ತು ಹುಡುಗಿಯರಿಗೆ ಕಂಪ್ಯೂಟರ್ ಕಲಿಸಿ ಗಂಟಲು ಒಣಗಿಸಿಕೊಂಡು, ಈಗ ಬಾಗಲಕೋಟೆ ನವನಗರದ ಈ ಒಂದು ಖೋಲಿಯ ಆಫೀಸಿಗೆ ಬಂದು ಕೂತಿದ್ದಳು. ಹೊರಗೆ ರಕ್ತದಾನಿಗಳ ಸಂಘ ಎಂದು ಬಾಗಿಲಿಗಿಂತ ದೊಡ್ಡ ಬೋರ್ಡು. ಒಳಗೆ ಒಂದು ಟೇಬಲ್ಲು, ಒಂದು ಕಂಪ್ಯೂಟರು, ಒಂದು ಫೋನು ಮತ್ತು ಇವಳು. ಸಂಘ ಅಂದರೆ ಇಷ್ಟೇ ನೋಡಿ. ಅಧ್ಯಕ್ಷರಾದ ಹನಮಂತಪ್ಪ ಮಾಸ್ತರರು ವರ್ಷಕ್ಕೆ ನಾಲ್ಕು ಸಲ ಭಾಷಣ ಮಾಡಲು ಬರುತ್ತಾರೆ, ಉಳಿದದ್ದೆಲ್ಲ ನಾಗರತ್ನಾಳ ಕೊರಳಿಗೆ.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಸೆಪ್ಟೆಂಬರು. ಬೇಸಿಗೆಯಿಂದ ಮೂರು ತಿಂಗಳು ಅವಳು ಒಂದೇ ಕೆಲಸಕ್ಕೆ ಜೀವ ತೇಯ್ದಿದ್ದಳು. ಹನಮಂತಪ್ಪನವರು ಹುಬ್ಬಳ್ಳಿಗೆ ಒಂದು ಲಗ್ನಕ್ಕೆ ಹೋದವರು ಅಲ್ಲಿ ಯಾರದೋ ಮನೆಯಲ್ಲಿ ವೆಬ್‌ಸೈಟು ಎಂಬುದನ್ನು ನೋಡಿ ಬಂದರು. ಬಂದವರೇ, ‘ನಮ್ದೂ ಒಂದು ಆಗ್ಬೇಕು ನೋಡವಾ’ ಅಂದರು. ಅವರಿಗೇನು, ಅನ್ನುವುದಕ್ಕೆ ಬೆವರು ಬರುತ್ತದೆಯೇ? ಹಳೇ ಕಂಪ್ಯೂಟರಿನಲ್ಲಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸುತ್ತ ಆರು ವರ್ಷ ಬಿದ್ದುಕೊಂಡಿದ್ದ ಮುನ್ನೂರು ದಾನಿಗಳ ಪಟ್ಟಿಯನ್ನು ಇಂಟರ್‌ನೆಟ್ಟಿಗೆ ಎತ್ತಿ ಹಾಕಬೇಕು. ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ರಕ್ತದ ಗುಂಪು ಹುಡುಕಬೇಕು. ರಕ್ತ ಕೊಟ್ಟವರು ತಾವೇ ತಮ್ಮ ಫೋನ್ ನಂಬರು ಒತ್ತಿ, ತಮ್ಮ ಗುಂಪು, ಕೊಟ್ಟ ತಾರೀಖು ತುಂಬಬೇಕು. ಕರೆಂಟು ಹೋಗಿ ಬಂದು, ಫೋನಿನ ತಂತಿಯಲ್ಲಿ ಇಂಟರ್‌ನೆಟ್ಟು ಕುಂಯ್‌ಗುಟ್ಟಿ ಕಡಿದುಕೊಂಡು, ಮತ್ತೆ ಹತ್ತಿಕೊಂಡು, ಅಂತೂ ಜುಲೈ ಕೊನೆಗೆ ಅದು ಆಯಿತು. ಒಬ್ಬರೂ ಶಾಬಾಸ್ ಅನ್ನಲಿಲ್ಲ. ಪತ್ರಿಕೆಯಲ್ಲಿ ಹನಮಂತಪ್ಪನವರ ಫೋಟೋ ಬಂತು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಐವತ್ತರ ಆಸುಪಾಸು, ತಲೆಗೆ ಬಿಳಿ ಟೊಪ್ಪಿಗೆ, ಒಂದು ಕೈಯಲ್ಲಿ ಚಿಕ್ಕು ತುಂಬಿದ ಚೀಲ, ಇನ್ನೊಂದರಲ್ಲಿ ದವಾಖಾನೆಯ ಚೀಟಿ.

‘ಕಲಾದಗಿಯಿಂದ ಬಂದೀನ್ರಿ. ಬಾಬುಸಾಬ ಅಂತ. ನಮ್ಮ ತಂಗಿ ಜುಲೇಖಾನ್ನ ಇಲ್ಲೇ ದವಾಖಾನ್ಯಾಗ ಇಟ್ಟೇವ್ರಿ. ದಿನಾ ತುಂಬ್ಯಾವು. ಕೂಸಿನ ಕಸ, ಅದ ಮಾಸು, ಕೆಳಗ ಅಡ್ಡ ಕುಂತೈತಂತ, ನಾಳಿ ಮುಂಜಾನಿ ಹೊಟ್ಟಿ ಕೊಯ್ದ ತೆಗೀಬೇಕಂತ. ರಕ್ತ ತಂದಿಟ್ಟ ಮ್ಯಾಲೇ ಕೈ ಹಚ್ಚತೇನಿ ಅಂದ್ರು ಡಾಕ್ಟರ್ ಬಾಯಾರು.’

ನಾಗರತ್ನಾ ಚೀಟಿ ನೋಡಿದಳು. ಓ ನೆಗೆಟಿವ್. ಸಂಜೆ ಐದರೊಳಗೆ ದಾನಿ ದವಾಖಾನೆಗೆ ಬಂದಿರಬೇಕು. ರಕ್ತ ತೆಗೆದು, ತಪಾಸಣೆ ಮಾಡಿ, ಹೊಂದಿಸಿ ನೋಡುವುದಕ್ಕೆ ಅಷ್ಟು ಹೊತ್ತು ಬೇಕು. ಅಂಥ ರಕ್ತ ಊರಿನ ಬ್ಲಡ್ ಬ್ಯಾಂಕಿನಲ್ಲಿ ಇರಲಿಲ್ಲ. ಅದಕ್ಕೇ ಇವನನ್ನು ಇಲ್ಲಿಗೆ ಅಟ್ಟಿದ್ದರು.

‘ಕೂಡ್ರಿ ಅಣ್ಣಾರ. ನೋಡೋಣು’ ಎಂದು ಇಂಟರ್‌ನೆಟ್ಟು ಹಚ್ಚಿದಳು.

ಬಾಬುಸಾಬ ಕುರ್ಚಿಯ ತುದಿಗೆ ಕೂತು ಕಂಪ್ಯೂಟರನ್ನೇ ನೋಡಿದ. ‘ಇದ್ರಾಗ ಎಲ್ಲಾರೂ ಅದಾರೇನ್ರಿ?’

‘ಎಲ್ಲಾರೂ ಅದಾರ್ರಿ’ ಅಂದಳು. ಅಂದ ಮಾತಿಗೆ ಆಮೇಲೆ ನಾಲಿಗೆ ಕಚ್ಚಿಕೊಳ್ಳಬೇಕಾಯಿತು.

ಪರದೆಯ ಮೇಲೆ ಮೂರು ಹೆಸರು ಬಂದವು. ಬಾದಾಮಿಯವರು ಒಬ್ಬರು. ಅವರು ಗೋವೆಗೆ ಹೋಗಿ ವರ್ಷವಾಗಿತ್ತು. ಶಿರೂರಿನವರು ಒಬ್ಬರು. ಅವರು ಮೂರು ವಾರದ ಹಿಂದೆಯಷ್ಟೇ ಕೊಟ್ಟಿದ್ದಾರೆ. ಒಮ್ಮೆ ಕೊಟ್ಟರೆ ಮೂರು ತಿಂಗಳು ಮುಟ್ಟುವಂತಿಲ್ಲ. ಐಹೊಳೆಯಲ್ಲಿ ಗುಡಿ ತೋರಿಸುವ ಗೈಡ್ ಒಬ್ಬ. ಇಂಟರ್‌ನೆಟ್ಟು ಕಡಿದು ಅವನಿಗೆ ಫೋನು ಹಚ್ಚಿದರೆ ಅವನ ಹೆಂಡತಿ, ‘ಕಾಮಣಿ ಆಗಿ ಮಲಗ್ಯಾರ್ರಿ, ಕಣ್ಣೆಲ್ಲಾ ಅರಿಷಿಣ’ ಅಂದಳು.

ಮುಗಿಯಿತು. ಮೂರಕ್ಕೆ ಮೂರೂ ಹೋದವು.

ಆದರೆ ಅವಳ ತಲೆಯೊಳಗೆ ಏನೋ ಒಂದು ಕೊರೆಯಿತು. ನಾಲ್ಕು ಇರಬೇಕಲ್ಲ? ಹನಮಂತಪ್ಪನವರ ಭಾಷಣಕ್ಕೆಂದು ಪ್ರತಿ ಯುಗಾದಿಗೂ ತಾನೇ ಟೈಪು ಮಾಡಿಕೊಡುತ್ತಿದ್ದ ವರದಿ: ‘ಓ ನೆಗೆಟಿವ್ ನಾಲ್ಕು. ಬಾದಾಮಿ ಒಂದು, ಶಿರೂರು ಒಂದು, ಐಹೊಳೆ ಒಂದು, ಇಳಕಲ್ ಒಂದು.’ ಬರೆದು ಬರೆದು ಬಾಯಿಪಾಠವಾಗಿತ್ತು. ಇಳಕಲ್ಲಿನವರು ಎಲ್ಲಿ ಹೋದರು?

ಮತ್ತೆ ಇಂಟರ್‌ನೆಟ್ಟು ಹಚ್ಚಿ ಇಳಕಲ್ಲಿನ ಪಟ್ಟಿ ತೆಗೆದಳು. ಬಿ ಪಾಸಿಟಿವ್, ಆಗಸ್ಟ್ ಹದಿನೈದು. ಕೆಳಗಿನ ಸಾಲು: ಬಿ ಪಾಸಿಟಿವ್, ಆಗಸ್ಟ್ ಹದಿನೈದು. ಅದರ ಕೆಳಗೆ ಮತ್ತೆ ಅದೇ. ಪರದೆ ನಿಂತುಬಿಟ್ಟಿದೆ ಎಂದುಕೊಂಡು ಮತ್ತೊಮ್ಮೆ ತೆರೆದಳು. ಹೆಸರು ಮಾತ್ರ ಬೇರೆ ಬೇರೆ. ಗುಂಪು ಒಂದೇ, ತಾರೀಖು ಒಂದೇ. ಎಣಿಸಿದಳು. ಅರವತ್ತೆರಡು ಮಂದಿ, ಎಲ್ಲರೂ ಬಿ ಪಾಸಿಟಿವ್, ಎಲ್ಲರೂ ಸ್ವಾತಂತ್ರ್ಯ ದಿನಾಚರಣೆಯ ದಿನವೇ ರಕ್ತ ಕೊಟ್ಟವರು.

ಫೋನಿನ ಅಂಕಣ ನೋಡಿದಳು. ಅರವತ್ತೆರಡೂ ಸಾಲಿನಲ್ಲಿ ಒಂದೇ ನಂಬರು. ಕೊನೆಗೆ ನಾಲ್ಕು ನಾಲ್ಕು ಏಳು.

ಆ ನಂಬರು ಅವಳಿಗೆ ಗೊತ್ತಿಲ್ಲದ್ದೇ? ಅಯ್ಯೋ ದೇವರೇ! ಇಳಕಲ್ಲಿನ ನೇಕಾರ ಓಣಿಯ ಮೂಲೆಯ ಅಬ್ದುಲಸಾಬನ ಎಸ್‌ಟಿಡಿ ಬೂತಿನ ನಂಬರು ಅದು. ಇಡೀ ಓಣಿಗೆ ಅದೊಂದೇ ಫೋನು. ಲಗ್ನಪತ್ರಿಕೆಯಲ್ಲಿ, ಸಾಲೆಯ ಅರ್ಜಿಯಲ್ಲಿ, ದವಾಖಾನೆಯ ಚೀಟಿಯಲ್ಲಿ ಓಣಿಯವರೆಲ್ಲ ಬರೆಯುವುದು ಅದನ್ನೇ. ಬರೆದು ಪಕ್ಕದಲ್ಲಿ ‘ಪಿ.ಪಿ.’ ಎಂದು ಎರಡು ಅಕ್ಷರ ಹಾಕುವುದು. ಅಂದರೆ ಈ ಫೋನು ನಮ್ಮದಲ್ಲ, ನೆರೆಯವರದು, ನಮ್ಮನ್ನು ಕರೆಸಿ ಮಾತಾಡಿ ಎಂದು ಅರ್ಥ. ನಾಗರತ್ನಾ ಹುಟ್ಟಿದ್ದೂ ಅದೇ ಓಣಿ. ಅವಳ ಮೊದಲ ನೌಕರಿಯ ಸುದ್ದಿ ಬಂದದ್ದೂ ಅದೇ ಫೋನಿಗೆ. ಅಬ್ದುಲಸಾಬ ಲುಂಗಿ ಎತ್ತಿ ಕಟ್ಟಿಕೊಂಡು ಓಣಿಯ ತುದಿಯಿಂದಲೇ, ‘ನಾಗೂ, ಬಾಗಲಕೋಟಿ ಫೋನು, ಲಗೂನ ಬಾ’ ಎಂದು ಕೂಗುತ್ತ ಬಂದಿದ್ದ.

ಹಾಗಾದರೆ ಪಿ.ಪಿ. ಎಲ್ಲಿ ಹೋಯಿತು?

ಅದನ್ನು ಅಳಿಸಿದ್ದು ಅವಳೇ. ಜೂನಿನಲ್ಲಿ ಹಳೇ ಪಟ್ಟಿಯನ್ನು ಹೊಸದಕ್ಕೆ ಸಾಗಿಸುವಾಗ ಫೋನಿನ ಅಂಕಣದಲ್ಲಿ ಅಂಕಿ ಬಿಟ್ಟು ಅಕ್ಷರ ಇರಬಾರದು ಎಂದು ಹೊಸ ಕಂಪ್ಯೂಟರು ಹಟ ಹಿಡಿದಿತ್ತು. ಹೊರಗೆ ಬಿಸಿಲು, ಒಳಗೆ ಫ್ಯಾನಿಗೆ ಕರೆಂಟಿಲ್ಲ, ಯುಪಿಎಸ್ಸು ಕೀಂ ಕೀಂ ಅನ್ನುತ್ತಿತ್ತು. ಒಂದು ಸಾಲಿನ ಅಪ್‌ಡೇಟ್ ಆಜ್ಞೆ ಬರೆದು ಎಂಟರ್ ಒತ್ತಿದಳು. ಪಟ್ಟಿಯಲ್ಲಿದ್ದ ಪಿ.ಪಿ.ಗಳೆಲ್ಲ ಒಂದೇ ಉಸಿರಿಗೆ ಮಾಯ. ಆಗ ‘ಹಾಳಾದ್ದು, ತೊಲಗಿತು’ ಅಂದುಕೊಂಡದ್ದೂ ನೆನಪಾಯಿತು.

ಅಷ್ಟರಲ್ಲೇ ಮುಗಿಸಿದ್ದರೆ ಬದುಕಿಕೊಳ್ಳುತ್ತಿದ್ದಳೇನೋ. ಹಳೇ ಪಟ್ಟಿಯಲ್ಲಿ ದಾನಿಗಳಿಗೆ ಕೊಟ್ಟಿದ್ದ ನೋಂದಣಿ ಸಂಖ್ಯೆ ಗೊಂದಲದ ಗೂಡು. ಒಂದೊಂದು ಊರಿನ ಶಿಬಿರದಲ್ಲೂ ಒಂದರಿಂದ ಶುರು. ಬಾದಾಮಿಯಲ್ಲೂ ಒಂದನೇ ನಂಬರಿನವರು, ಹುನಗುಂದದಲ್ಲೂ ಒಂದನೇ ನಂಬರಿನವರು. ಅದರ ಸಹವಾಸವೇ ಬೇಡ ಎಂದು ಬಿಟ್ಟು, ಜನರನ್ನು ಗುರುತಿಸಲು ಫೋನ್ ನಂಬರನ್ನೇ ಹಿಡಿದಳು. ವೆಬ್‌ಸೈಟಿನಲ್ಲಿ ಅವಳು ಬರೆದ ಅಪ್‌ಡೇಟ್ ಸಾಲು ಹೇಳುವುದಿಷ್ಟು: ಈ ಫೋನ್ ನಂಬರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಗುಂಪು, ಈ ತಾರೀಖು ಬರೆ. ಕಂಪ್ಯೂಟರಿಗೇನು ಗೊತ್ತು ಪಾಪ, ಅದು ಹೇಳಿದ್ದನ್ನು ಹೇಳಿದಂತೆ ಮಾಡಿತು. ಆ ನಂಬರಿನವರು ಯಾರೋ ಒಬ್ಬರು ತಮ್ಮ ವಿವರ ತುಂಬಿದ್ದಾರೆ. ಓಣಿಯ ಅರವತ್ತೆರಡು ಮಂದಿಯ ಗುಂಪು ಒಂದೇ ಏಟಿಗೆ ಅಳಿಸಿಹೋಗಿದೆ.

‘ಸಿಕ್ಕರೇನ್ರಿ?’ ಎಂದ ಬಾಬುಸಾಬ.

‘ಒಂದ್ ಐದ್ ಮಿನಿಟ್ ತಡೀರಿ’ ಎಂದು ನಾಗರತ್ನಾ ಕಪಾಟಿನಿಂದ ಸಿ.ಡಿ. ತೆಗೆದಳು. ಪಟ್ಟಿ ಸಾಗಿಸಿ ಆದ ಮೇಲೆ ಹಳೇ ಕಂಪ್ಯೂಟರನ್ನು ಹೊಸದರ ಬದಲಿಗೆ ಕೊಟ್ಟಾಗ ಅಂಗಡಿಯ ಶಿವಪುತ್ರ, ಹಳೇ ಪಟ್ಟಿಯೆಲ್ಲ ಇದರಲ್ಲಿದೆ ಎಂದು ಬರೆದುಕೊಟ್ಟ ಸಿ.ಡಿ. ಅದನ್ನು ಹಾಕಿದರೆ ಒಳಗಿದ್ದದ್ದು ಒಂದೇ ಒಂದು ಚಿತ್ರ, ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಶಾರ್ಟ್‌ಕಟ್ಟು! ಪಟ್ಟಿ ಎಲ್ಲಿದೆ ಎಂದು ತೋರಿಸುವ ಗುರುತೇ ಹೊರತು ಪಟ್ಟಿಯಲ್ಲ. ಮನೆಯ ಸಾಮಾನು ಸಾಗಿಸು ಅಂದರೆ ಮನೆಯ ವಿಳಾಸದ ಚೀಟಿ ಸಾಗಿಸಿದ ಹಾಗೆ.

ಇಂಟರ್‌ನೆಟ್ಟು ಕಡಿದು ಅವನಿಗೆ ಫೋನು ಹಚ್ಚಿದಳು. ಇರುವುದು ಒಂದೇ ತಂತಿ. ಅದಿದ್ದರೆ ಇದಿಲ್ಲ, ಇದಿದ್ದರೆ ಅದಿಲ್ಲ.

‘ಶಿವಪುತ್ರಾ, ಆ ಹಳೇ ಮಶಿನ್ ಎಲ್ಲೈತಿ?’

‘ಹುನಗುಂದದ ಝೆರಾಕ್ಸ್ ಅಂಗಡಿಗೆ ಹೋತಲ್ರೀ ಮೇಡಮ್ಮಾರ. ಸ್ವಚ್ಛ ಫಾರ್ಮ್ಯಾಟ್ ಹೊಡದು ಕೊಟ್ಟೀನಿ. ಯಾಕ್ರಿ?’

‘ಏನಿಲ್ಲಪಾ, ನಿನ್ನ ಸ್ವಚ್ಛತಾ ಭಾಳ ಆತು’ ಎಂದು ಇಟ್ಟಳು.

ಶಿಬಿರದಲ್ಲಿ ತುಂಬಿಸಿದ ಕಾಗದದ ಫಾರ್ಮುಗಳನ್ನು ಹನಮಂತಪ್ಪನವರು ಆಗಸ್ಟಿನಲ್ಲೇ ರದ್ದಿಗೆ ಹಾಕಿಸಿದ್ದರು. ಇನ್ನು ಕಂಪ್ಯೂಟರಿನಲ್ಲೇ ಎಲ್ಲ ಇದೆಯಲ್ಲ, ಇಲಿಗೆ ಯಾಕೆ ಗೂಡು ಎಂದಿದ್ದರು.

ನಾಗರತ್ನಾ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಳು. ಅಳು ಬರಲಿಲ್ಲ, ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಮೂರು ತಿಂಗಳ ಹೈರಾಣ ಒಮ್ಮೆಗೇ ಹೆಗಲ ಮೇಲೆ ಬಂದು ಕೂತಂತಾಯಿತು. ತನ್ನ ಓಣಿ, ತನ್ನ ಮಂದಿ, ತಾನೇ ಹತ್ತು ಸಲ ಅರ್ಜಿಯಲ್ಲಿ ಬರೆದ ನಂಬರು. ಬೇರೆ ಯಾರೋ ಪರ ಊರಿನವರು ಮಾಡಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ಇವಳಿಗೆ ಆ ಸಬೂಬೂ ಇಲ್ಲ.

‘ಅಣ್ಣಾರ, ಒಂದ್ ಮಾತು ಹೇಳ್ತೇನಿ’ ಅಂದಳು. ‘ಇಳಕಲ್ಲದಾಗ ಈ ರಕ್ತದವರು ಒಬ್ಬರು ಅದಾರ. ಆದ್ರ ಯಾರಂತ ಗೊತ್ತಾಗವಲ್ದು. ನಾ ಬರದ ಪ್ರೋಗ್ರಾಮಿನ್ಯಾಗ ತಪ್ಪಾಗೇತಿ. ಅರವತ್ತೆರಡು ಮಂದಿ ಗುಂಪು ಅಳಿಸಿ ಹೋಗ್ಯಾವು. ತಪ್ಪು ನಂದೇ ರಿ.’

ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಹಗುರವಾದರೂ ಆಗುತ್ತಿತ್ತು. ಬಾಬುಸಾಬ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ‘ತಪ್ಪು ಆಮ್ಯಾಲೆ ನೋಡೋಣ್ರಿ ತಂಗಿ. ನಮ್ಮ ಜುಲೇಖಾಗ ಮೊದಲಿಂದೊಂದು ಹೆಣ್ಣ ಕೂಸೈತಿ, ಮೂರು ವರ್ಷದ್ದು. ಅದು ಅವ್ವ ಎಲ್ಲಿ ಅಂತೈತಿ. ಅವರನ್ನ ಹ್ಯಾಂಗ ಹುಡುಕೂದು ಅದನ್ನ ಹೇಳ್ರಿ.’

ಹೇಗೆ ಹುಡುಕುವುದು? ಅರವತ್ತೆರಡು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೇಳಬೇಕೆಂದರೂ ಇರುವುದು ಅದೊಂದೇ ಫೋನು. ಬೇರೆ ದಾರಿಯಿಲ್ಲದೆ ಅದನ್ನೇ ಒತ್ತಿದಳು.

‘ಹಲೋ, ಯಾರ್ನ ಕರೀಬೇಕ್ರಿ?’ ಅಬ್ದುಲಸಾಬ ಫೋನು ಎತ್ತಿದರೆ ಮೊದಲು ಅನ್ನುವುದೇ ಇದು. ಹನ್ನೆರಡು ವರ್ಷದಿಂದ ಇದೇ.

‘ಕಾಕಾ, ನಾ ನಾಗು, ಬಾಗಲಕೋಟಿಯಿಂದ.’

‘ಏ ನಾಗೂ! ಅರಾಮದೀಯೇನವಾ? ಮಲ್ಲೂನ್ನ ಕರೀಲೇನು? ಮಗ್ಗದ ಮ್ಯಾಲೆ ಅದಾನ.’ ಮಲ್ಲು ಅವಳ ಅಣ್ಣ.

‘ಬ್ಯಾಡ ಕಾಕಾ. ನೀ ಆಗಸ್ಟ್ ಹದಿನೈದಕ್ಕ ರಕ್ತ ಕೊಟ್ಟೀಯೇನು?’

‘ಹೌದಲ್ಲ, ಹುನಗುಂದದಾಗ ಕೊಟ್ಟೆ. ನಮ್ಮ ತಂಗೀ ಮಗ ಶಕೀಲ ನಿಮ್ಮ ಅದೇನೋ ನೆಟ್‌ನ್ಯಾಗ ಬರದೂ ಹಾಕಿದ. ಯಾಕ, ತಪ್ಪಾತೇನು?’

‘ನಿಂದೇನೂ ತಪ್ಪಿಲ್ಲ. ನೀ ಬರದದ್ದು ಓಣ್ಯಾಗಿನ ಎಲ್ಲಾರಿಗೂ ಹತ್ತಿ ಕುಂತೈತಿ. ಎಲ್ಲಾರದೂ ನಿನ್ನ ಗುಂಪೇ ತೋರಸ್ತೈತಿ.’

ಅತ್ತ ಕಡೆ ಕಿಸಕ್ಕನೆ ನಗು. ‘ಹಂಗಾರ ಇಡೀ ಓಣಿ ನನ್ನ ರಕ್ತ ಆತು ಅನ್ನು! ನಿಮ್ಮಣ್ಣ ಮಲ್ಲೂಗ ಹೇಳು, ಇನ್ನ ಮ್ಯಾಲೆ ನನ್ನ ಮುಂದ ದನಿ ತಗದು ಮಾತಾಡ್ಬಾರ್ದು ಅಂತ.’

ಅವಳಿಗೆ ನಗು ಬರಲಿಲ್ಲ. ಇದ್ದದ್ದನ್ನೆಲ್ಲ ಹೇಳಿದಳು. ಜುಲೇಖಾಳ ಸಂಗತಿ ಹೇಳಿದಳು, ಸಂಜೆ ಐದು ಎಂದೂ ಹೇಳಿದಳು. ಅಬ್ದುಲಸಾಬನ ನಗೆ ನಿಂತಿತು.

‘ಯಾವ ರಕ್ತ ಅಂದಿ?’

‘ಓ ನೆಗೆಟಿವ್ ಅಂತಾರ.’

‘ಓ ಗೀ ನನಗ ತಿಳಿಯೂದಿಲ್ಲವಾ. ಅದು ಭಾಳ ಮಂದಿಗೆ ಇರ್ತೈತೋ, ಅಪರೂಪೋ?’

‘ಭಾಳ ಅಪರೂಪ ಕಾಕಾ. ನೂರು ಮಂದ್ಯಾಗ ಇಬ್ಬರಿಗೆ ಇದ್ರ ಹೆಚ್ಚು.’

ಬೂತಿನ ಹೊರಗೆ ಮಗ್ಗಗಳ ಖಟಖಟ ಸದ್ದು ತಂತಿಯಲ್ಲಿ ಕೇಳುತ್ತಿತ್ತು.

‘ತಡಿ’ ಅಂದ ಅಬ್ದುಲಸಾಬ. ‘ದವಾಖಾನಿಯಿಂದ ಫೋನ್ ಬಂದ್ರ ಕರಿಯಾಕ ಹೋಗಾಂವ ನಾನ. ಉಳದವ್ರಿಗೆಲ್ಲಾ ಎರಡು ವರ್ಷಕ್ಕೊಮ್ಮೆ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಒಬ್ಬಾಕೀನ್ನ ಮಾತ್ರ ವರ್ಷದಾಗ ಎರಡು ಸಲ, ಮೂರು ಸಲ ಕರೀತಾರ. ಬಾದಾಮಿಯಿಂದ ಬರ್ತೈತಿ, ಒಮ್ಮೆ ವಿಜಾಪುರದಿಂದನೂ ಬಂದಿತ್ತು. ಅಷ್ಟ ದೂರದಿಂದ ಹುಡಿಕ್ಯಾಡಿ ಕರೀತಾರಂದ್ರ ಆ ರಕ್ತ ಬ್ಯಾರೆ ಎಲ್ಲೂ ಸಿಗೂದಿಲ್ಲ ಅಂತನ ಅರ್ಥ ಅಲ್ಲೇನು?’

ನಾಗರತ್ನಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ‘ಯಾರು ಕಾಕಾ?’

‘ಗುರುಲಿಂಗವ್ವ. ಸೆರಗು ಕೂಡಸ್ತಾಳಲ್ಲ, ನಿಮ್ಮನಿ ಹಿಂದಿನ ಸಂದಿಯಾಕಿ.’

ಗುರುಲಿಂಗವ್ವ ಅತ್ತಿ! ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುವ ಹೆಂಗಸು. ಸಣ್ಣವಳಿದ್ದಾಗ ನಾಗರತ್ನಾ ಅವಳ ಪಕ್ಕ ಕೂತು ಎಳೆ ಎಣಿಸಿಕೊಟ್ಟಿದ್ದಳು. ಇವಳೇ ಆ ನಾಲ್ಕನೆಯ ಸಾಲು. ಆರು ವರ್ಷದಲ್ಲಿ ಒಮ್ಮೆಯೂ ನಾಗರತ್ನಾ ಹೆಸರು ನೋಡಿರಲಿಲ್ಲ. ದವಾಖಾನೆಯವರು ನೇರ ಬೂತಿಗೇ ಫೋನು ಹಚ್ಚುತ್ತಿದ್ದರು, ತಾನು ಲೆಕ್ಕ ಮಾತ್ರ ಬರೆದಿದ್ದಳು.

‘ಆಕೀ ಕಡೀಕ ಕೊಟ್ಟದ್ದು ಯಾವಾಗ?’

‘ಯುಗಾದಿ ಮುಂದ. ಖರೆ. ಲಗ್ನದ ಸೀರಿ ಅರ್ಧಕ್ಕ ಬಿಟ್ಟು ಹೋಗಿದ್ಲು, ಮಗ್ಗದ ಯಜಮಾನ ನನ್ನ ಮ್ಯಾಲೆ ಹರಿಹಾಯ್ದಿದ್ದ. ಹಿಡಕೊ, ಫೋನ್ ಇಟ್ಟಗಿಟ್ಟೀ ಮತ್ತ, ಕರೀತೇನಿ.’ ರಿಸೀವರು ಟೇಬಲ್ಲಿನ ಮೇಲೆ ಕುಳಿತ ಸದ್ದು. ಆಮೇಲೆ ಅವನು ಮೊಣಕಾಲು ಹಿಡಿದು ಏಳುವಾಗ ನರಳಿದ್ದೂ ಕೇಳಿಸಿತು.

ಏಳು ನಿಮಿಷ. ನಾಗರತ್ನಾ ಗೋಡೆಯ ಗಡಿಯಾರ ನೋಡುತ್ತ ಕೂತಳು. ಬಾಬುಸಾಬ ತುಟಿ ಅಲುಗಿಸುತ್ತ ಏನನ್ನೋ ಹೇಳಿಕೊಳ್ಳುತ್ತಿದ್ದ. ಆಮೇಲೆ ಏದುಸಿರು ಬಿಡುತ್ತ ಒಂದು ಹೆಣ್ಣುದನಿ ಬಂತು.

‘ನಾಗೂ, ಏನಂತ? ಬಾಳಂತಿಗೇನು?’

‘ಬಸರಿಗೆ, ಅತ್ತಿ. ನಾಳಿ ಮುಂಜಾನಿ ಆಪರೇಶನ್. ನಿಂದು ಓ ನೆಗೆಟಿವ್ ಹೌದಲ್ಲ? ಕಾರ್ಡು ಐತೇನು?’

‘ಕಾರ್ಡು ದೇವರ ಜಗಲಿ ಮ್ಯಾಲೆ ಐತಿ, ಅದೇನ್ ಬರದೈತೋ. ಸೊನ್ನಿ ಹಾಕಿ ಮುಂದ ಅಡ್ಡಗೀಟು ಎಳದಾರ ನೋಡು.’

ನಾಗರತ್ನಾ ಕಣ್ಣು ಮುಚ್ಚಿದಳು. ‘ಅದ ಅತ್ತಿ, ಅದ. ಬರ್ತೀಯೇನು?’

‘ಬರದ ಏನ್ ಮಾಡ್ಲಿ? ಒಂದೂವರಿ ಬಸ್ಸೈತಿ. ಹಾಸು ಅರ್ಧ ಆಗೇತಿ, ಬಾಗಿಲ ಹಾಕ್ಕೊಂಡ್ ಬರ್ತೇನಿ. ಊಟಾ ಮಾಡಿ ಬಾ ಅಂತಿದ್ರು ಹೋದ ಸಲ, ಮಾಡೇ ಬರ್ತೇನಿ.’

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಮೀನಗಡದ ದಾರಿಯ ಕೆಂಪು ಬಸ್ಸು ಬಂತು. ಗುರುಲಿಂಗವ್ವ ಇಳಿದಳು. ಸೆರಗು ತುಂಬ ಹೊದ್ದು, ಬೆರಳ ಸಂದಿಯಲ್ಲಿ ಇನ್ನೂ ಕೆಂಪು ರೇಷ್ಮೆಯ ಎಳೆ ಸಿಕ್ಕಿಸಿಕೊಂಡು. ಅವಸರದಲ್ಲಿ ಬಿಡಿಸಿಕೊಳ್ಳುವುದನ್ನೇ ಮರೆತಿದ್ದಳು. ದವಾಖಾನೆಗೆ ನಡೆಯುತ್ತ ಕೇಳಿದಳು: ‘ಅಬ್ದುಲಣ್ಣ ಏನೇನೋ ಅಂದ. ಅರವತ್ತೆರಡು ಮಂದೀನ್ನ ಒಂದ ಗಂಟು ಹಾಕಿದೀಯಂತಲ್ಲ?’

‘ಹಾಕೀನಿ ಅತ್ತಿ.’

‘ನೀ ಸಣ್ಣಾಕಿದ್ದಾಗೂ ಹಿಂಗ ಮಾಡ್ತಿದ್ದಿ. ಎಳಿ ಕೊಡು ಅಂದ್ರ ಮುಷ್ಟಿ ತುಂಬ ಕೊಡ್ತಿದ್ದಿ’ ಎಂದು ನಕ್ಕಳು. ನಾಗರತ್ನಾಗೆ ಆಗ ಕಣ್ಣಲ್ಲಿ ನೀರು ಬಂತು. ಇಡೀ ದಿನ ಬಾರದ್ದು ಈಗ ಬೀದಿಯಲ್ಲಿ ಬಂತು. ಸೆರಗಿನಿಂದ ಒರೆಸಿಕೊಂಡಳು.

ರಕ್ತ ಹೊಂದಿತು. ಮರುದಿನ ಎಂಟೂವರೆಗೆ ಜುಲೇಖಾಗೆ ಇನ್ನೊಂದು ಹೆಣ್ಣು ಕೂಸಾಯಿತು, ತಾಯಿ ಉಳಿದಳು. ಆ ಒಂದು ಬಾಟಲಿ ಕೈಯಲ್ಲಿ ಇರದಿದ್ದರೆ ಟೇಬಲ್ಲಿನ ಮೇಲೇ ಹೋಗುತ್ತಿದ್ದಳು ಎಂದು ಡಾಕ್ಟರು ಬಾಬುಸಾಬನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಅವನು ಚಿಕ್ಕು ಚೀಲವನ್ನು ನಾಗರತ್ನಾಳ ಟೇಬಲ್ಲಿನ ಮೇಲೆ ಇಟ್ಟು, ತನ್ನ ಹೆಸರನ್ನೂ ದಾನಿಗಳಲ್ಲಿ ಬರೆದುಕೊಳ್ಳಲು ಹೇಳಿದ. ಫೋನ್ ನಂಬರು ಕೇಳಿದಳು. ‘ಕಲಾದಗ್ಯಾಗ ನಮ್ಮ ಓಣಿ ಕಿರಾಣಿ ಅಂಗಡೀದು ಬರ್ಕೋರಿ, ಕರೀತಾರ’ ಅಂದ. ಅವಳು ಪೆನ್ನು ಎತ್ತಿದವಳು ಒಂದು ಗಳಿಗೆ ಹಾಗೇ ನಿಂತಳು.

ಆ ವಾರ ಪೂರ್ತಿ ಪ್ರೋಗ್ರಾಮು ಬಿಚ್ಚಿ ಕಟ್ಟಿದಳು. ಪ್ರತಿ ದಾನಿಗೂ ಅವರದೇ ಒಂದು ಸಂಖ್ಯೆ. ಅಪ್‌ಡೇಟ್ ಸಾಲು ಇನ್ನು ಮೇಲೆ ಆ ಸಂಖ್ಯೆಯನ್ನೇ ಹುಡುಕಬೇಕು. ಅದಷ್ಟಕ್ಕೇ ಧೈರ್ಯ ಸಾಲಲಿಲ್ಲ. ಬಿಸಿ ತಾಗಿದ ಕೈ ನೋಡಿ. ಒಂದು ಫೋನ್ ನಂಬರು ಪಟ್ಟಿಯಲ್ಲಿ ಒಂದೇ ಸಲ ಬರಬೇಕು, ಎರಡನೇ ಸಲ ಬಂದರೆ ಕಂಪ್ಯೂಟರು ಒಪ್ಪಲೇಬಾರದು ಎಂದೂ ಒಂದು ನಿಯಮ ಕಟ್ಟಿದಳು. ‘ಸ್ವಂತ ಫೋನು ಮಾತ್ರ’ ಎಂದು ತಲೆಬರಹ ಹಾಕಿ ಹಾಳೆಗಳನ್ನು ಛಾಪಿಸಿಕೊಂಡು, ರವಿವಾರ ಬೆಳಗಿನ ಬಸ್ಸಿಗೆ ಇಳಕಲ್ಲಿಗೆ ಹೋದಳು. ಅಳಿಸಿದ್ದನ್ನು ಮತ್ತೆ ಬರೆಯಬೇಕಲ್ಲ. ಒಬ್ಬೊಬ್ಬರನ್ನೇ ಕೇಳಿ.

ಅಬ್ದುಲಸಾಬ ಬೂತಿನ ಮುಂದಿನ ಬೆಂಚು ಒರೆಸಿ ಕೂರಿಸಿದ. ಗಡ್ಡ ಬೆಳ್ಳಗಾಗಿತ್ತು, ಎಡ ಮೊಣಕಾಲಿಗೆ ಬಟ್ಟೆ ಸುತ್ತಿದ್ದ. ಗಾಜಿನ ಗೂಡಿನ ಹಳದಿ ಬಣ್ಣ ಎದ್ದು ಬಂದಿತ್ತು.

‘ಚೊಲೋ ಟೈಮಿಗೆ ಬಂದಿ. ಇನ್ನೊಂದ್ ವಾರ ತಡದಿದ್ರ ಈ ಬೂತು ಇರ್ತಿದ್ದಿಲ್ಲ’ ಎಂದು ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದ. ಫೋನು ಕಿತ್ತುಹಾಕಿ ಎಂದು ಟೆಲಿಫೋನ್ ಆಫೀಸಿಗೆ ಅರ್ಜಿ. ಶಕೀಲ ಬರೆದುಕೊಟ್ಟಿದ್ದ, ಸಹಿಯೊಂದು ಬಾಕಿ.

‘ಯಾಕ ಕಾಕಾ?’

‘ಸಾಕಾತವಾ. ಪ್ಯಾಟ್ಯಾಗ ಎಲ್ಲಾರ ಕಿಸೆದಾಗೂ ಮೊಬೈಲ್ ಬಂದಾವು. ಬಿಲ್ಲಿನಷ್ಟೂ ಹುಟ್ಟೂದಿಲ್ಲ. ಈ ಕಾಲಂತೂ ನಡೀತೇನಿ ಅಂದ್ರ ಕೇಳೂದಿಲ್ಲ. ಹನ್ನೆರಡು ವರ್ಷ ಈ ಓಣ್ಯಾಗ ಒದರಿ ಒದರಿ ದನಿ ಸತ್ತೈತಿ. ಇನ್ನ ಮನ್ಯಾಗ ಕುಂಡ್ರತೇನಿ.’

ಅವಳು ಬೇಡ ಅನ್ನಲಿಲ್ಲ. ದಣಿದವರಿಗೆ ದಣಿದವರ ಮಾತು ಬೇಗ ತಿಳಿಯುತ್ತದೆ. ‘ಕುಂಡ್ರು ಕಾಕಾ, ಭಾಳ ಮಾಡೀ’ ಅಂದಳು, ಮನಸ್ಸಿನಿಂದಲೇ.

ಮಂದಿ ಬರತೊಡಗಿದರು. ಮಗ್ಗ ನಿಲ್ಲಿಸಿ ಗಂಡಸರು, ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಹೆಂಗಸರು. ಕೆಲವರು ಕಾರ್ಡು ತಂದಿದ್ದರು, ಕೆಲವರಿಗೆ ಗುಂಪು ಬಾಯಲ್ಲಿತ್ತು, ಕೆಲವರಿಗೆ ಏನೂ ಗೊತ್ತಿರಲಿಲ್ಲ, ಅವರ ಹೆಸರಿನ ಮುಂದೆ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಬರೆದಳು. ಮೊದಲಿಗೆ ಬಂದ ಹುಚ್ಚೇಶ ಗುಂಪು ಹೇಳಿದ, ಕೊಟ್ಟ ತಾರೀಖು ಹೇಳಿದ.

‘ಫೋನು?’

ಹುಚ್ಚೇಶ ಬೂತಿನ ಕಡೆ ಗೋಣು ಮಾಡಿದ. ‘ನಾಲ್ಕು ನಾಲ್ಕು ಏಳು. ನಿನಗ ಗೊತ್ತಿಲ್ಲೇನು?’

‘ಅದಲ್ಲೋ, ನಿಂದು, ಸ್ವಂತದ್ದು.’

‘ನನ್ನ ಸ್ವಂತದ್ದು ಇದ!’

ಎರಡನೆಯವರದೂ ಅದೇ. ಮೂರನೆಯವರದೂ ಅದೇ. ಹತ್ತು ಮಂದಿಯಾದ ಮೇಲೆ ನಾಗರತ್ನಾ ಪೆನ್ನು ಇಟ್ಟಳು. ‘ಕಾಕಾ ಫೋನ್ ತೆಗಸ್ತಾನಂತ. ಬೇಕಾದ್ರ ನಮ್ಮ ಆಫೀಸ್ ನಂಬರ್ ಬರ್ಕೋತೇನಿ’ ಅಂದಳು.

‘ನೀ ಬಾಗಲಕೋಟ್ಯಾಗ ಕುಂತು ನಮ್ಮನ್ನ ಹ್ಯಾಂಗ ಕರೀತೀಯವಾ?’ ಎಂದಳು ಗುರುಲಿಂಗವ್ವ. ಕೇಳಿದ್ದು ಇವಳನ್ನಾದರೂ ನೋಡಿದ್ದು ಅಬ್ದುಲಸಾಬನನ್ನು. ಅಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಆ ಬಾಟಲಿಯ ಸಂಗತಿ ಓಣಿಗೆಲ್ಲ ಗೊತ್ತಿತ್ತು.

ಅಬ್ದುಲಸಾಬ ಕಣ್ಣು ತಪ್ಪಿಸಿದ. ‘ನನ್ನ ಮಾರಿ ಏನ್ ನೋಡ್ತೀರಿ? ಬರಸ್ರಿ, ಬರಸ್ರಿ, ಬಿಸಲೇರಾಕ ಹತ್ತೈತಿ’ ಎಂದು ರೇಗಿದ.

ಮಧ್ಯಾಹ್ನ ಎರಡರ ಹೊತ್ತಿಗೆ ಐವತ್ತೊಂದು ಮಂದಿ ಮುಗಿದರು. ಇನ್ನೂ ಹನ್ನೊಂದು ಮಂದಿ ಬಂದಿರಲಿಲ್ಲ. ‘ಹೇಳು ಅವರ ಹೆಸರು’ ಎಂದ ಅಬ್ದುಲಸಾಬ, ‘ಮನಿಮನಿಗೆ ಹೋಗಿ ಕೇಳಿಟ್ಟಿರ್ತೇನಿ.’ ಬರೆದುಕೊಳ್ಳಲು ಕಾಗದಕ್ಕಾಗಿ ಅತ್ತಿತ್ತ ಕೈಯಾಡಿಸಿದ. ಸಿಗಲಿಲ್ಲ. ಜೇಬಿನಿಂದ ಆ ಅರ್ಜಿ ತೆಗೆದ. ಒಂದು ಸಲ ಅದನ್ನೂ ಒಂದು ಸಲ ಬೂತನ್ನೂ ನೋಡಿದ. ಆಮೇಲೆ ಮಗುಚಿ ತೊಡೆಯ ಮೇಲೆ ಇಟ್ಟುಕೊಂಡು, ಬೆನ್ನ ಮೇಲೆ ಒಂದೊಂದೇ ಹೆಸರು ಬರೆಯತೊಡಗಿದ.

ನಾಗರತ್ನಾ ತನ್ನ ಹಾಳೆಯ ತಲೆಬರಹದಲ್ಲಿ ‘ಸ್ವಂತ ಫೋನು ಮಾತ್ರ’ ಎಂಬುದರ ಮೇಲೆ ಗೀಟು ಎಳೆದಳು. ನಾಳೆ ಹೋಗಿ ಆ ನಿಯಮವನ್ನೂ ಕಿತ್ತುಹಾಕಬೇಕು. ಮತ್ತೊಂದು ಕೆಲಸ. ಮೊದಲ ಸಾಲಿನಿಂದ ಶುರು ಮಾಡಿ, ಪ್ರತಿ ನಂಬರಿನ ಪಕ್ಕದಲ್ಲಿ ಎರಡೆರಡು ಅಕ್ಷರ ಬರೆಯುತ್ತ ಬಂದಳು. ಪಿ.ಪಿ., ಪಿ.ಪಿ., ಪಿ.ಪಿ. ಕೈ ನೋಯುತ್ತಿತ್ತು. ಬಿಡಲಿಲ್ಲ.

ಒಳಗೆ ಫೋನು ರಿಂಗಾಯಿತು. ಅಬ್ದುಲಸಾಬ ಬೆಂಚಿಗೆ ಕೈಯೂರಿ, ಮೊಣಕಾಲು ಹಿಡಿದು, ‘ಯಾ ಅಲ್ಲಾ’ ಎಂದು ಎದ್ದ.

‘ಹಲೋ, ಯಾರ್ನ ಕರೀಬೇಕ್ರಿ?... ಹಿಡಕೋರಿ, ಕರೀತೇನಿ.’

ರಿಸೀವರನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟು, ಲುಂಗಿ ಎತ್ತಿ ಕಟ್ಟಿ, ಅವನು ಬಿಸಿಲಿಗೆ ಇಳಿದ.